ಡೈರಿ ಅಂದ್ರೆ ಯಾವ ಡೈರಿ?

ಹೆಣ್ಣು ನೋಡಲು ಹೋದ ದಿನ ನಾನು ಕಾವ್ಯಶ್ರೀಯ ಮುಖವನ್ನು ಸರಿಯಾಗಿ ನೋಡಲೇ ಇಲ್ಲ. ನೋಡಿದ್ದು ಅವಳ ಬೆರಳುಗಳನ್ನು. ಮಂಡಕ್ಕಿ ಒಗ್ಗರಣೆಯ ತಟ್ಟೆಯನ್ನು ನನ್ನ ಮುಂದಿಡುವಾಗ ತೋರುಬೆರಳಿಗೆ ಹಸಿರು ಬಣ್ಣ ಮೆತ್ತಿತ್ತು, ನಡುಬೆರಳಿಗೆ ಒಣಗಿದ ಗೋಂದು ಅಂಟಿತ್ತು. ಸೀರೆ, ಸರ, ಮುಡಿದ ಮಲ್ಲಿಗೆ ಎಲ್ಲ ಅಚ್ಚುಕಟ್ಟು. ಬೆರಳು ಮಾತ್ರ ಆಗಷ್ಟೇ ಯಾವುದೋ ಇಷ್ಟದ ಕೆಲಸ ಬಿಟ್ಟು ಎದ್ದು ಬಂದ ಹಾಗಿತ್ತು. ನಿಜ ಹೇಳಬೇಕೆಂದರೆ ನನಗೆ ಮೊದಲು ಇಷ್ಟವಾದದ್ದು ಆ ಬೆರಳೇ.

ಚನ್ನಗಿರಿಯ ಅವರ ಮನೆಗೆ ನಾವು ಹೋಗಿದ್ದು ಮೂವರು: ನಾನು, ನನ್ನವ್ವ ದುರುಗಮ್ಮ, ಸೋದರಮಾವ ಮೂಕಪ್ಪ. ಮಾವನಿಗೆ ಹೆಸರಷ್ಟೇ ಮೂಕಪ್ಪ. ನ್ಯಾಮತಿಯಲ್ಲಿ ಬಸ್ಸು ಹತ್ತುವಾಗ ಶುರುವಾದ ಅವನ ಮಾತು ಚನ್ನಗಿರಿಯಲ್ಲಿ ಇಳಿಯುವಾಗಲೂ ಮುಗಿದಿರಲಿಲ್ಲ. ಅವನೇ ಕಾವ್ಯಶ್ರೀಯ ಅಪ್ಪ ಕಲ್ಲೇಶಪ್ಪನವರಿಗೆ ನನ್ನನ್ನು ಪರಿಚಯ ಮಾಡಿಸಿದ್ದು.

"ನಮ್ಮ ಶರಣು ಗೋವಿನಕೋವಿ ಸೊಸೈಟಿಯಾಗೆ ಸೆಕ್ರೆಟರಿ ಅದಾನ್ರೀ."

ನಾನು ಊರಿನ ಹಾಲಿನ ಡೈರಿಯ ಸೆಕ್ರೆಟರಿ. ಹಾಲು ಉತ್ಪಾದಕರ ಸೊಸೈಟಿ ಎಂಬುದು ಬೋರ್ಡಿನ ಮೇಲಿನ ಹೆಸರು. ಊರವರ ಬಾಯಲ್ಲಿ ಅದು ಬರೀ ಡೈರಿ. ಆದರೆ ಹೆಣ್ಣಿನ ಮನೆಯಲ್ಲಿ ಡೈರಿ ಅಂದರೆ ಸಗಣಿ ವಾಸನೆ ಬರುತ್ತದೆ, ಸೊಸೈಟಿ ಅಂದರೆ ಕುರ್ಚಿ ಕಾಣಿಸುತ್ತದೆ ಅಂತ ಮಾವನ ಲೆಕ್ಕಾಚಾರ. ಮುಂದೆ ಆದ ಎಡವಟ್ಟೆಲ್ಲ ಅಲ್ಲಿಂದಲೇ ಶುರು.

ಹಿರಿಯರು ನಮ್ಮಿಬ್ಬರನ್ನು ಮಾತಾಡಲೆಂದು ತಾರಸಿಗೆ ಕಳಿಸಿದರು. ಒಣಹಾಕಿದ ಸಂಡಿಗೆಯ ಈ ಕಡೆ ನಾನು, ಆ ಕಡೆ ಅವಳು. ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದ ಪ್ರಶ್ನೆಗಳೆಲ್ಲ ಮರೆತುಹೋಗಿದ್ದವು. ಅವಳೇ ಮೊದಲು ಮಾತಾಡಿದಳು.

"ಒಂದು ಮಾತು ಈಗ್ಲೇ ಹೇಳ್ಬಿಡ್ತೀನ್ರೀ. ನಂಗೆ ಡೈರಿ ಇಲ್ದೆ ಇರಾಕಾಗಲ್ಲ. ಸಣ್ಣೋಳಿದ್ದಾಗಿಂದ ರೂಢಿ. ಮದ್ವೆ ಆದ್ಮೇಲೆ ಬಿಡು ಅಂದ್ರೆ ಬಿಡಾಕೂ ಆಗಲ್ಲ."

ನನಗೆ ಸಂಡಿಗೆ ದಾಟಿ ಕುಣಿಯುವಷ್ಟು ಖುಷಿಯಾಯಿತು. ಸಗಣಿ ಅಂದರೆ ಮೂಗು ಮುಚ್ಚುವ ಹುಡುಗಿಯರ ಕಾಲದಲ್ಲಿ ಇವಳೊಬ್ಬಳು!

"ಬಿಡೋದಾ? ಯಾರು ಬಿಡು ಅಂತಾರ್ರೀ? ನಂದೂ ಡೈರೀನೇ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಹಬ್ಬ ಇರ್ಲಿ, ಮಳೆ ಇರ್ಲಿ, ತಪ್ಸಂಗಿಲ್ಲ."

ಅವಳ ಕಣ್ಣು ದೊಡ್ಡದಾಯಿತು. ಆಗ ಮುಖ ನೋಡಿದೆ. ಎಡಗೆನ್ನೆಯ ಮೇಲೆ ಒಂದು ಸಣ್ಣ ಮಚ್ಚೆ, ನಂಬಲೋ ಬೇಡವೋ ಅನ್ನುವ ನಗು.

"ಎರಡೂ ಹೊತ್ತಾ? ನಾಚ್ಕೆ ಆಗಲ್ವೇನ್ರೀ? ಜನ ನಗಲ್ವಾ?"

"ಅದ್ಕೇನು ನಾಚ್ಕೆ? ನಮ್ಮೂರಾಗೆ ಡೈರಿ ಇಲ್ದಿದ್ರೆ ಸಂಸಾರಾನೇ ನಡ್ಯಲ್ಲ."

"ಗೋವಿನಕೋವಿ ಅಂಥಾ ಊರಾ!" ಎಂದು ಅವಳು ಬೆರಗಾದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು. "ಹೋದ ವರ್ಷ ಜಗಳೂರು ಕಡೆಯೋರು ನೋಡಾಕೆ ಬಂದಿದ್ರು. ಡೈರಿ ಅಂದ ಕೂಡ್ಲೇ ಎದ್ದು ಹೋದ್ರು. ಅವತ್ತೇ ಅಂದ್ಕಂಡೆ, ಇದನ್ನ ಒಪ್ಪಿದೋರ್ನೇ ನಾನು ಒಪ್ಪೋದು ಅಂತ."

ಎಂಥ ಜನ ಇರಬಹುದು ಅಂತ ಜಗಳೂರಿನವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ಅವರ ಮನೆಯಲ್ಲಿ ಟೀಗೆ ಹಾಲು ಹಾಕುವುದಿಲ್ಲವೇ?

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು, "ಡೈರಿ ಅಂದ್ರೆ ಅಷ್ಟು ಪ್ರಾಣವಂತಾ? ಹಂಗಾದ್ರೆ ಮಲ್ಲೀನ ಅವಳಿಗೇ ಬಿಟ್ಕೊಡ್ತೀನಿ," ಎಂದಳು. ಮಲ್ಲಿ ನಮ್ಮ ಕೊಟ್ಟಿಗೆಯ ಪಟ್ಟದ ಹಸು. ಅವ್ವನನ್ನು ಬಿಟ್ಟು ಬೇರೆ ಯಾರೂ ಅದರ ಕೆಚ್ಚಲಿಗೆ ಕೈಹಾಕುವ ಹಾಗಿರಲಿಲ್ಲ.

ಫೋನು ಶುರುವಾಯಿತು. ಕಾವ್ಯಶ್ರೀ ಚನ್ನಗಿರಿಯ ಒಂದು ಮ್ಯಾಚಿಂಗ್ ಸೆಂಟರಿನಲ್ಲಿ ಕೆಲಸಕ್ಕಿದ್ದಳು. ಸೀರೆ ತಂದವರಿಗೆ ಅದಕ್ಕೊಪ್ಪುವ ರವಿಕೆ ಬಟ್ಟೆ, ಫಾಲ್ಸು, ಲೈನಿಂಗು ಹುಡುಕಿಕೊಡುವ ಕೆಲಸ. ಅಂಗಡಿ ಮುಚ್ಚಿ ಮನೆಗೆ ನಡೆಯುತ್ತಾ ಫೋನು ಮಾಡುತ್ತಿದ್ದಳು.

"ಡೈರಿ ಆಯ್ತೇನ್ರೀ?"

"ಆಯ್ತು. ನಿಮ್ದು?"

"ಇನ್ನು ಹೋಗಿ ಕೂರ್ಬೇಕು. ನಿನ್ನೆ ಎಷ್ಟು ಬಂತು ಅಂತೀರಿ! ಕೈಯೆಲ್ಲಾ ನೋವು."

"ಒಂಚೂರು ಕೊಬ್ರಿ ಎಣ್ಣೆ ಹಚ್ಕಳ್ರಿ," ಎಂದು ನಾನು ತಿಳಿದವನ ಹಾಗೆ ಸಲಹೆ ಕೊಟ್ಟೆ. ಅವರ ಮನೆಯಲ್ಲಿ ಹಸುವಿನ ಸುಳಿವೇ ನನಗೆ ಕಂಡಿರಲಿಲ್ಲ. ಹಿತ್ತಲಲ್ಲಿ ಕಟ್ಟಿರಬೇಕು ಅಂತ ನನ್ನಷ್ಟಕ್ಕೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಪ್ರೀತಿ ಕುರುಡು ಅನ್ನುತ್ತಾರೆ. ನನ್ನದಕ್ಕೆ ಕಿವಿಯೂ ಮಂದವಾಗಿತ್ತು.

ಒಂದು ದಿನ ತಡವರಿಸುತ್ತಾ ಕೇಳಿದಳು. "ನಿಮ್ಮ ಡೈರಿ ಒಮ್ಮೆ ನೋಡ್ಬೋದಾ? ಹಂಗೆಲ್ಲಾ ಕೇಳ್ಬಾರ್ದು ಅಂತ ಗೊತ್ತು."

"ಬರ್ರಿ, ಅದ್ರಾಗೇನೈತೆ? ಯಾರು ಬೇಕಾದ್ರೂ ಬಂದು ನೋಡ್ಬೋದು."

ಇಷ್ಟು ತೆರೆದ ಮನಸ್ಸಿನ ಗಂಡಸೂ ಇರುತ್ತಾನಾ ಎಂದು ಆಗ ಅವಳ ಕಣ್ಣು ತುಂಬಿ ಬಂದಿತ್ತಂತೆ. ಅದು ನನಗೆ ತಿಳಿದದ್ದು ಆಮೇಲೆ.

ಅಂಗಡಿಯ ರಜಾದಿನ ಅವಳು ಬಸ್ಸಿನಲ್ಲಿ ನ್ಯಾಮತಿಗೆ ಬಂದಳು. ಬೈಕಿನಲ್ಲಿ ಕೂರಿಸಿಕೊಂಡು ಹೊರಟೆ. ನಮ್ಮಿಬ್ಬರ ನಡುವೆ ಅವಳ ವ್ಯಾನಿಟಿ ಬ್ಯಾಗು ಗೋಡೆ ಕಟ್ಟಿದ ಹಾಗೆ ಕೂತಿತ್ತು. ಸಂಜೆಯ ಹಾಲಿನ ಹೊತ್ತು. ನಾನು ಬೆಳಗಿನಿಂದಲೇ ಕ್ಯಾನುಗಳನ್ನು ಫಳಫಳ ತೊಳೆಸಿ, ದಿನಾ ಎಮ್ಮೆಹಾಲು ತಂದು ಹಾಕುವ ಭೀಮಕ್ಕನಿಂದ ಡೈರಿಯ ಮುಂದೆ ರಂಗೋಲಿ ಹಾಕಿಸಿದ್ದೆ. ಊರವರು ಹಾಲಿನ ಪಾತ್ರೆ ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರ ಕಣ್ಣೂ ನಮ್ಮ ಮೇಲೆಯೇ.

"ನೋಡ್ರಿ," ಎಂದೆ ಎದೆಯುಬ್ಬಿಸಿ. "ಇದೇ ನಮ್ಮ ಡೈರಿ."

ಅವಳು ಗೋಡೆ ನೋಡಿದಳು, ತಕ್ಕಡಿ ನೋಡಿದಳು, ಫ್ಯಾಟ್ ನೋಡುವ ಮಷೀನು ನೋಡಿದಳು. "ಎಲ್ಲೈತ್ರೀ?"

"ಇದೇ ಅಲ್ವಾ ಮತ್ತೆ?"

"ಇದು ಹಾಲಿನ ಡೈರಿ."

"ಹೌದ್ರೀ. ಡೈರಿ ಅಂದ್ರೆ ಮತ್ಯಾವ ಡೈರಿ?"

ಅವಳು ಬ್ಯಾಗಿನ ಜಿಪ್ಪು ತೆರೆದು ಒಂದು ಪುಸ್ತಕ ಹೊರತೆಗೆದಳು. ಹೊಟ್ಟೆ ತುಂಬಿದ ಪುಸ್ತಕ. ಮುಚ್ಚಿದರೂ ಮುಚ್ಚದೆ ಬಾಯಿ ಬಿಡುತ್ತಿತ್ತು, ಅಂಚಿನಲ್ಲಿ ಬಣ್ಣಬಣ್ಣದ ಬಟ್ಟೆಯ ಚೂರುಗಳು ಇಣುಕುತ್ತಿದ್ದವು. "ಈ ಡೈರಿ," ಎಂದಳು ಮೆಲ್ಲಗೆ.

ನನ್ನ ಕೈಯಲ್ಲಿದ್ದ ಅಳತೆಯ ಲೀಟರು ಹಾಗೇ ನಿಂತಿತು. ತಾರಸಿಯ ಮೇಲಿನ ಮಾತು, ಕೈನೋವು, ಕೊಬ್ಬರಿ ಎಣ್ಣೆ, ಎಲ್ಲ ಒಂದೇ ಸಲಕ್ಕೆ ನೆನಪಾಗಿ ಕಿವಿ ಬಿಸಿಯಾಯಿತು. ಸಾಲಿನಲ್ಲಿದ್ದ ಭೀಮಕ್ಕ ಸುಮ್ಮನಿದ್ದಾಳೆಯೇ?

"ಶರಣು, ಹಾಲು ಅಳೀತೀಯೋ, ಹುಡುಗೀನ ಅಳೀತಾ ನಿಲ್ತೀಯೋ? ನಮ್ಮ ಹಾಲು ಒಡೆದೋಗ್ತೈತಪ್ಪ."

ಎಲ್ಲರೂ ನಕ್ಕರು. ಕಾವ್ಯಶ್ರೀಯೂ ನಕ್ಕಳು. ಆದರೆ ನಗುತ್ತಿರುವಾಗಲೇ ಅವಳ ಮುಖ ಬಾಡಿದ್ದು ನನಗೆ ಕಾಣಿಸಿತು.

ಹಾಲು ಮುಗಿಸಿ ಬರುವಷ್ಟರಲ್ಲಿ ಅವಳು ಡೈರಿಯ ಹಿಂದಿನ ಹೊಂಗೆ ಮರದ ಕಟ್ಟೆಯ ಮೇಲೆ ಕೂತಿದ್ದಳು. ಸ್ವಲ್ಪ ದೂರ ಬಿಟ್ಟು ನಾನೂ ಕೂತೆ.

"ನೀವು ಒಪ್ಪಿದ್ದು ಆ ಒಂದು ಮಾತಿಗೇನಾ?"

"ಅದಕ್ಕೇ." ಅವಳ ಬೆರಳು ಪುಸ್ತಕದ ಅಂಚನ್ನು ಸವರುತ್ತಿತ್ತು. "ಇವ್ರ ಮುಂದೆ ಇದನ್ನ ಬಚ್ಚಿಡಬೇಕಾಗಿಲ್ಲ ಅಂತ ನೆಮ್ಮದಿಯಾಗಿದ್ದೆ. ಅಕ್ಕಿ ಡಬ್ಬದ ಹಿಂದೆ ಇಟ್ಕಂಡು ಕದ್ದು ಬರೆಯೋ ಸಂಸಾರ ನಂಗೆ ಬ್ಯಾಡ್ರೀ."

"ಈಗ?"

"ಈಗ ಗೊತ್ತಿಲ್ರೀ."

ಹುಡುಗಿ ಕೈತಪ್ಪುತ್ತಿದ್ದಾಳೆ ಎಂಬ ಭಯಕ್ಕಿಂತ, ಅವಳು ನನ್ನಲ್ಲಿ ಕಂಡು ಮೆಚ್ಚಿದ ಆ ಮನುಷ್ಯ ನಾನಲ್ಲವಲ್ಲ ಎಂಬ ಸಂಕಟವೇ ಹೆಚ್ಚಾಗಿತ್ತು. "ಏನು ಬರೀತೀರಿ ಅದ್ರಾಗೆ?" ಎಂದೆ. "ಓದಾಕೆ ಕೇಳ್ತಿಲ್ಲ. ಹೆಂಗೆ ಬರೀತೀರಿ ಅಂತ ಕೇಳ್ತಿದೀನಿ."

ಅವಳು ನನ್ನನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದೇನೋ ಇಲ್ಲವೋ ಅಂತ ಖಾತ್ರಿ ಮಾಡಿಕೊಂಡು, ತಾನೇ ಆರಿಸಿ ಒಂದೊಂದು ಪುಟ ತಿರುವಿ ತೋರಿಸಿದಳು.

ಅಬ್ಬಾ, ಅದೊಂದು ಪುಸ್ತಕವೇ? ಅಂಗಡಿಯಲ್ಲಿ ಆ ದಿನ ಅವಳ ಮನಸ್ಸು ಗೆದ್ದ ಬಟ್ಟೆಯ ಒಂದು ಚೂರು ಪ್ರತಿ ಪುಟದ ಮೂಲೆಯಲ್ಲಿ. ಬದನೆಕಾಯಿ ಬಣ್ಣದ್ದರ ಪಕ್ಕ, 'ಮಗಳ ಮದುವೆಗೆ ಅಂತ ತಗೊಂಡು, ಆಮೇಲೆ ತನಗೂ ಅದೇ ಬೇಕೆಂದ ಅಮ್ಮ' ಎಂದು ಬರೆದಿತ್ತು. ಇನ್ನೊಂದರಲ್ಲಿ ಮಿರ್ಚಿ ಕಟ್ಟಿಕೊಟ್ಟ ಪೇಪರಿನ ಎಣ್ಣೆ ಕಲೆ. ಅದರ ಸುತ್ತ ಗೆರೆ ಎಳೆದು ಅದನ್ನೊಂದು ಆಮೆ ಮಾಡಿದ್ದಳು. ಒಂದು ಪುಟದಲ್ಲಿ ಅಕ್ಷರವೇ ಇಲ್ಲ, ಬರೀ ಕಪ್ಪು ಬಳಿದಿತ್ತು. "ಅವತ್ತು ಭಾಳ ಸಿಟ್ಟು ಬಂದಿತ್ತು," ಎಂದಳು. ಮತ್ತೊಂದರಲ್ಲಿ ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಜ್ಜಿಯ ಬೈಗುಳ, ಸಾಲುಸಾಲಾಗಿ, ಪದ್ಯದ ಹಾಗೆ. ನಾನು ಕಟ್ಟೆಯ ಮೇಲೆ ಜೋರಾಗಿ ನಕ್ಕುಬಿಟ್ಟೆ.

"ಎಡಪುಟದಾಗೆ ಆಗಿದ್ದು ಬರೀತೀನಿ," ಎಂದಳು. ಮುಖ ಬೆಳಗತೊಡಗಿತ್ತು. "ಬಲಪುಟದಾಗೆ ಆಗಬೇಕಿತ್ತು ಅನ್ನಿಸಿದ್ದು. ಓನರ್ ಬೈದ್ರು ಅಂತ ಎಡಗಡೆ. ನಾ ತಿರುಗಿ ಏನು ಅನ್ಬೇಕಿತ್ತು ಅಂತ ಬಲಗಡೆ. ಬರೆದ್ಮೇಲೆ ನಿದ್ದೆ ಚೆನ್ನಾಗಿ ಬರ್ತೈತೆ."

"ಬಲಪುಟ ಖಾಲಿ ಉಳಿಯೋ ದಿನಾನೂ ಇರ್ತೈತಾ?"

"ಇಲ್ಲಿಗಂಟ ಇಲ್ರೀ. ಏನಾದ್ರೂ ಒಂದು ಉಳಿದೇ ಉಳಿತೈತೆ."

ನಾನು ಬೆಳಿಗ್ಗೆ ಸಂಜೆ ಊರಿನ ಹಾಲನ್ನೆಲ್ಲ ಅಳೆಯುವವನು. ಆದರೂ ನನ್ನ ಒಂದು ದಿನವನ್ನಾದರೂ ಹೀಗೆ ಕೈಯಲ್ಲಿ ಹಿಡಿದು ನೋಡಿದ್ದಿಲ್ಲ. ಈ ಹುಡುಗಿ ಎಲ್ಲರ ಹಾಗೆಯೇ ಬಸ್ಸು ಹತ್ತಿ, ಬೈಗುಳ ತಿಂದು, ಲೈನಿಂಗು ಕತ್ತರಿಸಿ ಮನೆಗೆ ಹೋಗುತ್ತಾಳೆ. ಆದರೆ ಒಂದು ದಿನವನ್ನೂ ಸುಮ್ಮನೆ ಕೈಬಿಡುವುದಿಲ್ಲ. ಅವಳ ಮೇಲೆ ನನಗೆ ಅಂದು ಹುಟ್ಟಿದ್ದು ಬರೀ ಆಸೆಯಲ್ಲ, ಗೌರವ. ಅದನ್ನು ಹಾಗೇ ಹೇಳಿಬಿಟ್ಟೆ.

ಹೊರಡುವಾಗ ಅವಳು ಬ್ಯಾಗಿನಿಂದ ಇನ್ನೊಂದು ಪುಸ್ತಕ ತೆಗೆದಳು. ಅವಳೇ ದಾರದಲ್ಲಿ ಹೊಲಿದು, ನೀಲಿ ರವಿಕೆ ಬಟ್ಟೆಯ ರಟ್ಟು ಹಾಕಿದ ಖಾಲಿ ಪುಸ್ತಕ. "ನಿಮಗೆ ಅಂತ ಹೊಲಿದಿದ್ದೆ. ಎರಡೂ ಹೊತ್ತು ಬರೆಯೋರು, ಪುಟ ಬೇಗ ಮುಗಿತಾವೆ ಅಂತ ದಪ್ಪ ಮಾಡೀನಿ," ಎಂದು ಕೈಗಿಟ್ಟಳು. ತುಟಿಯಂಚಿನಲ್ಲಿ ತುಂಟ ನಗು ಒಂದು ಗಳಿಗೆ ಮಿಂಚಿ ಮಾಯವಾಯಿತು. ಆ ಒಂದು ನಗುವನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮನೆಗೆ ಬಂದೆ.

ಮರುದಿನ ಫೋನಿನಲ್ಲಿ ನನ್ನ ಮೊದಲ ಪುಟ ಓದಿದೆ. "ಎದ್ದೆ. ಹಾಲು ಅಳೆದೆ. ಉಂಡೆ. ಹಾಲು ಅಳೆದೆ. ಉಂಡೆ. ಮಲಗಿದೆ."

ಆ ಕಡೆ ನಕ್ಕೂ ನಕ್ಕೂ ಕೆಮ್ಮು ಬಂತು. "ಇದು ಡೈರಿ ಅಲ್ರೀ, ಹಾಜರಿ! ಎಲ್ಲಾ ಬರೆಯಾಕೆ ಹೋಗ್ಬ್ಯಾಡ್ರಿ. ಇವತ್ತು ನಿಮ್ಮನ್ನ ಒಂದು ಗಳಿಗೆ ನಿಲ್ಸಿದ್ದು ಯಾವುದು? ಅದೊಂದೇ ಬರೀರಿ."

"ಚಿತ್ರ ಬರೆಯಾಕೆ ನಂಗೆ ಬರಲ್ಲ."

"ಬರ್ದಿದ್ರೇ ಚೆಂದ. ನಿಮ್ಮ ಹಸು ಕತ್ತೆ ಥರ ಕಂಡ್ರೆ, ಕೆಳಗೆ ಹಸು ಅಂತ ಬರೀರಿ."

ಹಾಗೇ ಬರೆದೆ. ಮಲ್ಲಿ ನಿಜಕ್ಕೂ ಕತ್ತೆಯ ಹಾಗೆಯೇ ಬಂತು. ಹೊಸ ಕರುವಿನ ಬಾಲದ ಒಂದೆಳೆ ಕೂದಲು ಅಂಟಿಸಿದೆ. ಭೀಮಕ್ಕನ ಎಮ್ಮೆಗೆ ಭೀಮಕ್ಕನದೇ ಮುಖ ಇಟ್ಟು, ಯಾರಿಗೂ ತೋರಿಸದೆ ಪುಟ ಮುಚ್ಚಿದೆ. ಮೊದಲ ಸಲ ಬಿಸಿ ಹಾಲಿನ ನೊರೆ ಒಡೆಯುವ ಸದ್ದನ್ನು ಕಿವಿಗೊಟ್ಟು ಕೇಳಿದೆ. ಅದನ್ನು ಯಾವ ಅಕ್ಷರದಲ್ಲಿ ಬರೆಯುವುದು ಅಂತ ಫೋನಿನಲ್ಲೇ ನಾವಿಬ್ಬರೂ ಜಗಳವಾಡಿದೆವು. ನಾನು 'ಚಿಸ್' ಅಂದೆ, ಅವಳು 'ಸ್ಸ್ಸ' ಅಂದಳು. ಹೀಗೆ ಅಕ್ಷರಕ್ಕಾಗಿ ಜಗಳವಾಡುವ ಒಬ್ಬಳು ಜೊತೆಗಿದ್ದರೆ ಬದುಕು ಬೇಸರವಾಗುವುದಾದರೂ ಹೇಗೆ?

ಹೀಗೆ ಪುಟ ಓದುತ್ತಾ ಓದುತ್ತಾ ಒಂದು ದಿನ ಫೋನಿನಲ್ಲೇ ಅವಳು ಮದುವೆಗೆ ಹೂಂ ಅಂದಳು. ಆದರೆ ಆಗ ಒಂದೇ ಮಾತು ಕೇಳಿದ್ದಳು. "ನಿಮ್ಮವ್ವಗೂ ಮಾವಗೂ ಇದು ಯಾವ ಡೈರಿ ಅಂತ ಹೇಳ್ರಿ."

ಹೇಳುತ್ತೇನೆ ಅಂದಿದ್ದೆ. ಅವ್ವ ಮಲ್ಲಿಯ ಕೊರಳಿಗೆ ಹೊಸ ಗಂಟೆ ತಂದು ಕಟ್ಟಿ, ಸೊಸೆಗೆ ಅದರ ಹಾಲು ಕರೆಯುವುದನ್ನು ಹೇಗೆ ಕಲಿಸಬೇಕೆಂದು ಸಡಗರಪಡುತ್ತಿದ್ದಳು. ಹೇಳಲು ನನಗೆ ಬಾಯಿ ಬರಲಿಲ್ಲ. ಇವತ್ತು ನಾಳೆ ಎನ್ನುತ್ತಲೇ ತಾಂಬೂಲ ಬದಲಾಯಿಸುವ ದಿನ ಬಂದೇ ಬಂತು. ತಟ್ಟೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋದರೆ ಮುಗಿಯಿತು, ಆಮೇಲೆ ಮಾತು ತಿರುಗುವಂತಿಲ್ಲ.

ಮತ್ತೆ ಚನ್ನಗಿರಿ, ಕಲ್ಲೇಶಪ್ಪನವರ ಮನೆಯ ಪಡಸಾಲೆ. ಅವರ ನೆಂಟರು, ನಮ್ಮ ನೆಂಟರು, ಜಮಖಾನದ ತುಂಬ ಜನ. ಮೂಕಪ್ಪ ಮಾವ ಎಲೆ, ಅಡಿಕೆ, ತೆಂಗಿನಕಾಯಿಯ ತಟ್ಟೆ ಹಿಡಿದು ಭಾಷಣಕ್ಕೆ ನಿಂತ. ಜಗಳೂರಿನವರ ಸುದ್ದಿ ಯಾರದೋ ಬಾಯಿಂದ ಅವನ ಕಿವಿಗೂ ಅರ್ಧಂಬರ್ಧ ಬಿದ್ದಿತ್ತು.

"ಜಗಳೂರಿನೋರು ಈ ಹುಡುಗೀನ ಯಾಕೆ ಬಿಟ್ರು ಗೊತ್ತೇನ್ರಪ್ಪ? ದಿನಾ ಡೈರಿ ಬರೀತಾಳೆ ಅಂತ! ಬುದ್ಧಿ ಇಲ್ದೋರು. ನಮಗೆ ಬೇಕಾಗಿದ್ದೇ ಅದು. ಇನ್ಮ್ಯಾಲೆ ಗೋವಿನಕೋವಿ ಹಾಲಿನ ಲೆಕ್ಕ ಎಲ್ಲಾ ಸೊಸೆ ಕೈಯಾಗೆ!"

ಎಲ್ಲರೂ ತಲೆದೂಗಿದರು. ಅವ್ವ ಹೆಮ್ಮೆಯಿಂದ ಸೆರಗು ಸರಿಪಡಿಸಿಕೊಂಡಳು. ಕಲ್ಲೇಶಪ್ಪನವರು ಜಮಖಾನದ ಹೂವನ್ನೇ ನೋಡುತ್ತಾ ಕೂತರು. ಮಗಳು ಬರೆಯುವುದು ಯಾವ ಡೈರಿ ಅಂತ ಅವರಿಗೆ ಗೊತ್ತಿತ್ತು, ಈ ಸಂಬಂಧವೂ ಮುರಿದೀತೆಂಬ ಭಯವೂ ಇತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಯಾರೂ ಸುಳ್ಳು ಹೇಳಿದಂತಾಗುತ್ತಿರಲಿಲ್ಲ. ಡೈರಿ ಅಂದರೆ ಡೈರಿ.

ಒಳಬಾಗಿಲಲ್ಲಿ ನಿಂತಿದ್ದ ಕಾವ್ಯಶ್ರೀ ನನ್ನ ಕಡೆ ನೋಡಿದಳು. ಸಿಟ್ಟಿಲ್ಲ, ಬೇಡಿಕೆಯಿಲ್ಲ. ಸುಮ್ಮನೆ ಕಾಯುತ್ತಿದ್ದಳು. ಬೆರಳಿಗೆ ಇವತ್ತೂ ಬಣ್ಣ ಮೆತ್ತಿತ್ತು. ಆ ಬೆರಳು ಅಕ್ಕಿ ಡಬ್ಬದ ಹಿಂದೆ ತಡಕಾಡುವುದು ಒಮ್ಮೆಗೇ ಕಣ್ಣಿಗೆ ಕಟ್ಟಿತು.

"ಮಾವ, ತಟ್ಟೆ ಒಂಚೂರು ಕೆಳಗಿಡು," ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು.

"ಹಾಲಿನ ಡೈರಿ ಅಲ್ಲ ಅದು. ಕಾವ್ಯಶ್ರೀ ಬರೆಯೋದು ತನ್ನ ದಿನದ ಡೈರಿ. ಕಂಡಿದ್ದು, ಕೇಳಿದ್ದು, ಅನ್ನಿಸಿದ್ದು. ತಾರಸಿ ಮ್ಯಾಲೆ ನಾನೇ ತಪ್ಪು ತಿಳ್ಕಂಡೆ. ಮನ್ಯಾಗೆ ಹೇಳಾಕೆ ಹೆದರಿದೆ. ಈಗ ಎಲ್ಲರ ಮುಂದೆ ಹೇಳ್ತಿದೀನಿ. ಅವಳು ನಮ್ಮನ್ಯಾಗೂ ಬರೀತಾಳೆ, ಪಡಸಾಲ್ಯಾಗೆ ಕೂತು ಬರೀತಾಳೆ. ನಾನೂ ಬರೀತೀನಿ. ಅಂಥಾ ಹುಡುಗಿ ಸಿಗಾಕೆ ನಾ ಪುಣ್ಯ ಮಾಡೀನಿ. ಒಪ್ಪಿದ್ರೆ ತಟ್ಟೆ ಎತ್ತು."

ಮಾವ ಜೀವನದಲ್ಲಿ ಮೊದಲ ಸಲ ಹೆಸರಿಗೆ ತಕ್ಕ ಹಾಗೆ ನಿಂತಿದ್ದ. ಆದರೆ ಎಷ್ಟು ಹೊತ್ತು? "ಅಂದ್ರೆ ಮನೆ ಮಾತೆಲ್ಲಾ ಬರೆದಿಡ್ತಾಳಾ? ನಾಳೆ ಅತ್ತೆ ಬೈದಿದ್ದೂ ಬರೀತಾಳಲ್ಲೋ!"

ಅವ್ವ ಕೈಯೆತ್ತಿ ಅವನನ್ನು ಸುಮ್ಮನಿರಿಸಿದಳು. ಅವಳಿಗೆ ಓದು ಬರಹ ಬರುವುದಿಲ್ಲ. ನೇರವಾಗಿ ಕಾವ್ಯಶ್ರೀಯನ್ನೇ ಕೇಳಿದಳು. "ನನ್ನ ಮ್ಯಾಲೂ ಬರೆದೀಯೇನವ್ವ?"

"ಬರ್ದೀನಿ ಅತ್ತೆ."

"ಏನಂತ?"

"ಮೊದಲ್ನೇ ದಿನ ಮಂಡಕ್ಕಿ ತಿಂದ್ಮೇಲೆ ನೀವು ನಿಮ್ಮ ತಟ್ಟೆ ನೀವೇ ಎತ್ಕಂಡು ಅಡಿಗೆ ಮನೆಗೆ ತಂದಿಟ್ರಿ. ನೋಡಾಕೆ ಬಂದೋರು ಯಾರೂ ಹಂಗೆ ಮಾಡಿರ್ಲಿಲ್ಲ. ಈ ಅಮ್ಮನ ಮನೆಗೆ ಹೋದ್ರೆ ಭಯ ಇಲ್ಲ ಅಂತ ಬರ್ದೀನಿ."

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಇಷ್ಟು ವರ್ಷ ತಟ್ಟೆ ಎತ್ತಿಟ್ಟೀನಿ," ಎಂದಳು ಕೊನೆಗೆ. "ಒಬ್ರಾದ್ರೂ ನೋಡಿರ್ಲಿಲ್ಲ ಬಿಡವ್ವ." ಆಮೇಲೆ ತಮ್ಮನ ಕಡೆ ತಿರುಗಿದಳು. "ಮೂಕಪ್ಪ, ಏನು ನೋಡ್ತೀಯಾ? ಎತ್ತು ತಟ್ಟೆ."

ತಟ್ಟೆ ಬದಲಾಯಿತು. ಗದ್ದಲದ ನಡುವೆ ಅವ್ವ ಆಸೆ ಬಿಡದೆ ಕೇಳಿದಳು. "ಹಾಲು ಕರೆಯಾಕೆ ಒಂಚೂರಾದ್ರೂ ಬರ್ತೈತಾ?"

"ಇಲ್ಲ ಅತ್ತೆ. ಹಸು ಹತ್ರ ಹೋಗಾಕೂ ಹೆದ್ರಿಕೆ."

ಪಡಸಾಲೆಯೆಲ್ಲ ನಗು. ಕಲ್ಲೇಶಪ್ಪನವರಂತೂ ಕಣ್ಣು ಒರೆಸಿಕೊಂಡು ನಗುತ್ತಿದ್ದರು.

ಹೊರಡುವ ಹೊತ್ತಿಗೆ ನಮ್ಮವರೆಲ್ಲ ಟೆಂಪೋ ಹತ್ತುತ್ತಿದ್ದರು. ಕಾವ್ಯಶ್ರೀ ಗೇಟಿನವರೆಗೆ ಬಂದಳು. ಗೇಟಿನ ಈ ಕಡೆ ನಾನು, ಆ ಕಡೆ ಅವಳು, ನಡುವೆ ಈ ಸಲ ಸಂಡಿಗೆ ಇರಲಿಲ್ಲ. ಅವಳ ಕಿರುಬೆರಳು ಬಂದು ನನ್ನ ಕಿರುಬೆರಳಿಗೆ ತಾಗಿ ಅಲ್ಲೇ ನಿಂತಿತು.

"ಇವತ್ತು ಎಡಪುಟದಾಗೆ ಭಾಳ ಬರೆಯೋದೈತೆ," ಎಂದಳು. "ಜಾಗ ಸಾಲಲ್ಲ."

"ಬಲಪುಟ?"

ಮಚ್ಚೆಯ ಕೆನ್ನೆ ಕೆಂಪಾಯಿತು. "ಬರೆಯಾಕೆ ಏನೂ ಇಲ್ರೀ. ಇವತ್ತು ಖಾಲಿ."

ಟೆಂಪೋದಲ್ಲಿ ಮಾವ ಕೂಗತೊಡಗಿದ್ದ. ಮನೆಗೆ ಬಂದು ನೀಲಿ ರಟ್ಟಿನ ಪುಸ್ತಕ ತೆರೆದೆ. ಎಡಪುಟ ತುಂಬಿತು. ನನ್ನ ಬಲಪುಟ ಮಾತ್ರ ಖಾಲಿ ಉಳಿಯಲಿಲ್ಲ. ಅಲ್ಲಿ ಒಂದು ಸಾಲು ಬರೆದೆ: ಟೆಂಪೋ ಇನ್ನೊಂದು ಗಳಿಗೆ ತಡವಾಗಿ ಹೊರಡಬೇಕಿತ್ತು.